ಪೂಜೆಗೆ ಕೂತ ಕಾಗದದ ಕಟ್ಟುಗಳು

2023ರ ನವರಾತ್ರಿಯ ದಿನಗಳು. ನಾವು ಕುಮಟಾಕ್ಕೆ ಬಂದು ಒಂದು ತಿಂಗಳು ದಾಟಿತ್ತು. ಹುದ್ದೆ ಯಾವುದೆಂದು ಕೇಳಿದರೆ ನಾನು ಗೃಹಿಣಿ ಎಂದೇ ಬರೆಯುವವಳು. ಆದರೆ ಆ ಹೊತ್ತಿಗೆ ಎರಡು ವರ್ಷಗಳಿಂದ ನಮ್ಮ ಮನೆಯ ಮೂರು ತರಗತಿಗಳಿಗೆ ನಾನೇ ಶಿಕ್ಷಕಿ, ನಾನೇ ಗುಮಾಸ್ತೆ, ಗಂಟೆ ಹೊಡೆಯುವವಳೂ ನಾನೇ, ಬಿಸಿಯೂಟ ಬಡಿಸುವವಳೂ ನಾನೇ. ನೇಮಕಾತಿ ಆದೇಶ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಕೆಲಸದಿಂದ ತೆಗೆಯುವವರೂ ಇರಲಿಲ್ಲ ಎಂಬುದು ದೇವರ ಒಂದು ದಯೆ.

ನಮ್ಮ ಯಜಮಾನರು ಹೆದ್ದಾರಿ ಕಾಮಗಾರಿಯಲ್ಲಿ ರೋಲರ್ ಓಡಿಸುತ್ತಿದ್ದರು. ರಸ್ತೆ ಮುಂದೆ ಹೋದ ಹಾಗೆ ನಮ್ಮ ಬಾಡಿಗೆ ಮನೆಯೂ ಮುಂದೆ ಹೋಗುತ್ತಿತ್ತು. ಮೊದಲು ಭಟ್ಕಳದಲ್ಲಿ ತೆಂಗಿನಗುಂಡಿಗೆ ಹೋಗುವ ದಾರಿ, ಆಮೇಲೆ ಹೊನ್ನಾವರದ ಕಾಸರಕೋಡ, ಕೊನೆಗೆ ಕುಮಟಾ. ಭಟ್ಕಳಕ್ಕೆ ಬಂದಾಗ ವರ್ಷದ ನಡುವೆ ಶಾಲೆ ಬದಲಾಯಿತು. ನಡುವಿನವನಾದ ಪ್ರಣೀತ ಹೊಸ ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿಯೇ ಬಿಡಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚಿಸಲು ನಾಲ್ಕು ಜನ ಬೇಕಾದ ಹುಡುಗ ಅವನು! ನಾನೂ ಬಿ.ಎ. ಓದಿದ್ದೇನಲ್ಲ, ರಸ್ತೆ ಒಂದು ಕಡೆ ನಿಲ್ಲುವವರೆಗೆ ಮನೆಯಲ್ಲೇ ಕಲಿಸುತ್ತೇನೆ ಎಂದು ಹೊರಟೆ. ಇದಕ್ಕೆ ಹೋಮ್ ಸ್ಕೂಲಿಂಗ್ ಎಂಬ ದೊಡ್ಡ ಹೆಸರಿದೆ ಎಂದು ಗೊತ್ತಾದದ್ದು ಆಮೇಲೆ.

ಪಾಠ ಹೇಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಾಗದ. ದೊಡ್ಡವಳು ಸಹನಾಳ ಭಿನ್ನರಾಶಿಯ ಹಾಳೆಯ ಹಿಂದೆ ಸಣ್ಣವಳು ಅನ್ವಿ ಆನೆ ಬರೆದಿಡುತ್ತಿದ್ದಳು. ಪ್ರಣೀತನ ನಕಾಶೆಯಲ್ಲಿ ನಮ್ಮ ಅತ್ತೆ ಮಲ್ಲಿಗೆ ಮೊಗ್ಗು ಕಟ್ಟಿ ಪಕ್ಕದ ಮನೆಗೆ ಕೊಟ್ಟು ಕಳಿಸಿದ್ದರು. ಕೊಂಕಣ ಕರಾವಳಿ ಪೂರ್ತಿ ಹೂವಿನ ಜೊತೆ ಹೋಯಿತು. ದಿನವೂ ಬೆಳಿಗ್ಗೆ ‘ನನ್ನ ಹಾಳೆ ಎಲ್ಲಿ’ ಎಂಬ ಗಲಾಟೆ, ಅದರ ಮೇಲೆ ನನ್ನ ಕೂಗು. ಪಾಠ ಶುರುವಾಗುವ ಮೊದಲೇ ಮೂರು ಮಕ್ಕಳ ಮುಖವೂ ಬಾಡುತ್ತಿತ್ತು.

ಕೊನೆಗೆ ಒಂದು ವ್ಯವಸ್ಥೆ ಮಾಡಿಕೊಂಡೆ. ಸೀರೆ ಅಂಗಡಿಯ ಮೂರು ರಟ್ಟಿನ ಪೆಟ್ಟಿಗೆ ತಂದು ಕೆಂಪು, ಹಸಿರು, ಹಳದಿ ಬಟ್ಟೆ ಅಂಟಿಸಿದೆ. ಭಾನುವಾರ ಸಂಜೆ ದೀಪ ಹಚ್ಚಿದ ಮೇಲೆ ಪ್ರತಿ ಮಗುವಿಗೆ ಸೋಮವಾರದಿಂದ ಶನಿವಾರದವರೆಗಿನ ವರ್ಕ್‌ಶೀಟುಗಳನ್ನು, ಅಂದರೆ ಅಭ್ಯಾಸದ ಹಾಳೆಗಳನ್ನು, ದಿನದ ಪ್ರಕಾರ ಜೋಡಿಸಿ ಇಡುವುದು. ಮಾಡಿ ಮುಗಿಸಿದ್ದು ಪೆಟ್ಟಿಗೆಯ ಅಡಿಗೆ, ಬಾಕಿ ಇದ್ದದ್ದು ಮೇಲೆ. ಶನಿವಾರ ಸಂಜೆ ಅಷ್ಟನ್ನೂ ಒಟ್ಟುಮಾಡಿ ಒಂದು ವಾರದ ಕಟ್ಟು ಕಟ್ಟುವುದು.

ಕಟ್ಟುವ ಕೆಲಸ ಅತ್ತೆಯದ್ದು. ಭಟ್ಕಳದಲ್ಲಿ ಹುಟ್ಟಿದವರು, ಬಾಳೆನಾರು ಕೈಯಲ್ಲಿ ಹಿಡಿದರೆ ಹೂವಾದರೂ ಆಯಿತು, ಕಾಗದವಾದರೂ ಆಯಿತು. ಆದರೆ ಅವರಿಗೆ ಓದಲು ಬಾರದು. ಹಾಗಾಗಿ ಕಟ್ಟುವ ಮೊದಲು ಪ್ರತಿ ಹಾಳೆಯನ್ನೂ ಹಿಡಿದು, “ಇದ್ರಲ್ಲಿ ಎಂತ ಇದೆ?” ಎಂದು ಕೇಳುವರು. ಮಗು ಹೇಳಬೇಕು. ತಿಳಿದರೆ “ಆತು” ಎಂದು ನಾರಿಗೆ ಸೇರಿಸುವರು. ತಿಳಿಯದಿದ್ದರೆ ಹಾಳೆ ವಾಪಸು.

ಒಂದು ಶನಿವಾರ ಸಹನಾ ಮೂರನೇ ಒಂದು ಪಾಲು ನಾಲ್ಕನೇ ಒಂದು ಪಾಲಿಗಿಂತ ದೊಡ್ಡದು ಎಂದಳು.

“ಎಂತ ಸುಳ್ಳು ಹೇಳ್ತೆ? ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ದಾ?” ಎಂದರು ಅತ್ತೆ.

“ಅಜ್ಜೀ, ಒಂದು ಇಸ್ವಾಣ ಮೀನು ತಂದ್ರು ಅಂತ ಮಾಡು. ಮೂರು ಜನ ಉಂಡ್ರೆ ನಿಂಗೆ ದೊಡ್ಡ ತುಂಡು ಬತ್ತದಾ, ನಾಲ್ಕು ಜನ ಉಂಡ್ರೆ ಬತ್ತದಾ?”

“ನಿನ್ನಪ್ಪ ಉಣ್ಣೂಕೆ ಕೂತ್ರೆ ನಂಗೆ ತುಂಡೇ ಬರೂದಿಲ್ಲ. ಆತು, ಕಟ್ಟು.”

ನಾನು ಅಡುಗೆಮನೆಯಲ್ಲಿ ನಗು ತಡೆದುಕೊಂಡು ದೋಸೆಗೆ ರುಬ್ಬುತ್ತಿದ್ದೆ. ಹೀಗೆ ಎರಡು ವರ್ಷದ ಕಟ್ಟುಗಳು ನಮ್ಮ ಪಾತ್ರೆಪಗಡಿಯ ಜೊತೆ ಭಟ್ಕಳದಿಂದ ಕಾಸರಕೋಡಕ್ಕೆ, ಅಲ್ಲಿಂದ ಶರಾವತಿ ಸೇತುವೆ ದಾಟಿ ಕುಮಟಾಕ್ಕೆ ಬಂದವು.

ಕುಮಟಾದಲ್ಲಿ ಯಜಮಾನರಿಗೆ ಯಂತ್ರಗಳ ಯಾರ್ಡಿನಲ್ಲಿ ನಿಂತ ಕೆಲಸ ಸಿಕ್ಕಿತು. ಇನ್ನು ಊರೂರು ತಿರುಗುವುದಿಲ್ಲ. ಮಕ್ಕಳೂ ಶಾಲೆಗೆ ಹೋಗುತ್ತೇವೆ ಎಂದು ಕುಣಿದರು. ಹತ್ತಿರದ ಶಾಲೆಗೆ ಹೋಗಿ ಮುಖ್ಯ ಅಕ್ಕೋರನ್ನು ಕಂಡೆ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಅವರು ನಿಧಾನವಾಗಿ ಎಲ್ಲ ಕೇಳಿದರು. ಪ್ರಣೀತನಿಗೆ ಐದನೇ ತರಗತಿ, ಅನ್ವಿಗೆ ಒಂದನೆಯದು, ಅದರಲ್ಲಿ ತೊಂದರೆ ಇರಲಿಲ್ಲ. ಸಹನಾಳ ವಿಷಯಕ್ಕೆ ಬಂದಾಗ ತಡೆದರು.

“ವಯಸ್ಸಿನ ಪ್ರಕಾರ ಆರನೇ ತರಗತಿ ಕೊಡಬಹುದು. ಆದರೆ ಹುಡುಗಿ ಅದನ್ನ ನಿಭಾಯಿಸ್ತದೆ ಅಂತ ನಂಗೆ ಖಾತ್ರಿ ಬೇಕು. ಇಲ್ಲದಿದ್ರೆ ಈ ವರ್ಷ ಐದರಲ್ಲೇ ಕೂತ್ಕಳ್ಲಿ, ಗಟ್ಟಿ ಆಗ್ತದೆ. ಪೋರ್ಟ್‌ಫೋಲಿಯೊ ಇದ್ರೆ ರಜೆ ಮುಗಿದ ದಿನ ತನ್ನಿ.” ಪೋರ್ಟ್‌ಫೋಲಿಯೊ ಎಂದರೆ ಮಗು ಮಾಡಿದ ಕೆಲಸವೆಲ್ಲ ಒಂದು ಕಡೆ ಇರುವುದು. ಅದು ನಮ್ಮಲ್ಲಿ ನಾರು ಕಟ್ಟಿಕೊಂಡು ಕೂತಿತ್ತಲ್ಲ! ನಾನು ಹಗುರಾಗಿ ಹೊರಬಂದೆ.

ಸಹನಾ ಮಾತ್ರ ಹಗುರಾಗಲಿಲ್ಲ. ತಮ್ಮನ ಜೊತೆ ಒಂದೇ ತರಗತಿ ಎಂದರೆ ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಲೋಕದಲ್ಲಿ ಇರಲಿಲ್ಲ. ಅವನಾದರೋ ಅದನ್ನೇ ಹಬ್ಬ ಮಾಡಿಕೊಂಡ.

“ಅಕ್ಕಾ, ನನ್ನ ಬೆಂಚಲ್ಲೇ ಕೂತ್ಕ. ಗೊತ್ತಾಗದಿದ್ರೆ ನಾ ಹೇಳಿಕೊಡ್ತೆ.”

“ನೀ ಮೊದಲು ಮೂಗು ಒರೆಸ್ಕ.”

ಇಷ್ಟು ಹೇಳಿ ಅವಳು ಒಳಗೆ ಹೋಗಿ ಕೂತಳು. ಕಣ್ಣಲ್ಲಿ ನೀರಿತ್ತು. ಹುಡುಗಾಟವೆಂದು ಬಿಡುವ ಹಾಗಿರಲಿಲ್ಲ.

ಸಪ್ತಮಿಯ ದಿನ ಶಾರದೆಯ ಪೂಜೆ. ನಮ್ಮಲ್ಲಿ ಆ ದಿನ ಪುಸ್ತಕಗಳನ್ನು ದೇವಿಯ ಮುಂದೆ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಓದುವಂತಿಲ್ಲ, ಬರೆಯುವಂತಿಲ್ಲ. ಎರಡು ವರ್ಷ ಕಾಪಾಡಿದ ತಾಯಿಗೆ ಬರೀ ನಾಲ್ಕು ಪುಸ್ತಕ ಇಟ್ಟರೆ ಹೇಗೆ? ಶಾಲೆ ತೆರೆಯುವುದು ದಶಮಿ ಕಳೆದ ಮೇಲೆ ತಾನೇ? ಕಟ್ಟುಗಳಷ್ಟನ್ನೂ ಸಾಲಾಗಿ ಇಟ್ಟೆ. ಮೇಲೆ ರೇಷ್ಮೆ ಸೀರೆ ಹೊದಿಸಿ ದೇವಿಯ ಪಟ ಕೂರಿಸಿದೆ. ಅರಿಶಿನ, ಕುಂಕುಮ, ಅಕ್ಷತೆ, ಹೂ. ನೋಡಿದರೆ ಕಣ್ಣು ತುಂಬುತ್ತಿತ್ತು.

ಮಂಗಳಾರತಿ ಮುಗಿಸಿ ಪಂಚಕಜ್ಜಾಯ ಹಂಚುವಾಗ ಫೋನು ಬಂತು. ಮುಖ್ಯ ಅಕ್ಕೋರು. ಅವರಿಗೆ ತರಬೇತಿಗೆ ಕರೆ ಬಂದಿತ್ತು, ನಾಡಿದ್ದು ಹೊರಡಬೇಕು. ಹೊಸ ಮಕ್ಕಳ ಹೆಸರು ಅಷ್ಟರೊಳಗೆ ಕಂಪ್ಯೂಟರಿಗೆ ಸೇರಬೇಕು. “ನಾಳೆ ಬೆಳಿಗ್ಗೆ ಬಂದುಬಿಡಿ. ಸಹನಾಳ ಕಾಗದ ಎಲ್ಲ ತನ್ನಿ. ನೋಡಿ ಅಲ್ಲೇ ತೀರ್ಮಾನ ಮಾಡ್ವ.”

ಫೋನು ಇಟ್ಟು ದೇವಿಯ ಕಡೆ ನೋಡಿದೆ. ಅವಳು ಸಹನಾಳ ಆರನೇ ತರಗತಿಯ ಮೇಲೆ ಕೂತಿದ್ದಳು.

ಯಜಮಾನರು ಯಂತ್ರದವರು, ಎಲ್ಲಕ್ಕೂ ಸುಲಭದ ದಾರಿ. “ಕೈ ಮುಗಿದು ಅಡಿಯಿಂದ ಒಂದು ಕಟ್ಟು ಎಳ್ಕಂಡ್ರೆ ಎಂತ ಆಗ್ತದೆ? ದೇವ್ರಿಗೆ ಗೊತ್ತಿಲ್ದೆ ಇರ್ತದಾ ನಮ್ಮ ಕಷ್ಟ?”

“ನಿನ್ನ ರೋಲರ್ ಅಡಿಂದ ಕಲ್ಲು ಎಳೀತ್ಯಾ?” ಎಂದರು ಅತ್ತೆ. “ಕೊಟ್ಟಾತು. ಕೊಟ್ಟದ್ದು ನಡುವೆ ವಾಪಸು ಕೇಳೂಕಾಗ.”

ನಾನು ಎರಡೂ ಕಡೆ ತೂಗಾಡಿದೆ. ಮಗಳ ಒಂದು ವರ್ಷ ಒಂದು ಕಡೆ, ಇಟ್ಟ ಪೂಜೆ ಇನ್ನೊಂದು ಕಡೆ. ಸೀರೆಯ ಅಂಚಿನವರೆಗೆ ಕೈ ಹೋದದ್ದೂ ನಿಜ. ತಡೆದವಳು ಸಹನಾ.

“ಬ್ಯಾಡ ಆಯಿ. ನೀ ಅದನ್ನ ಎಳೆದ್ರೆ ಪೂಜೆ ಮುಗೀತು ಅಂತ ಲೆಕ್ಕ. ನಾಳೆಯಿಂದ ಮೂರು ಜನಕ್ಕೂ ಓದು ಶುರು. ಪ್ರಣೀತ ನನ್ನ ಕೊಂದೇ ಹಾಕ್ತ.” ಹೇಳುವಾಗ ನಗುತ್ತಿದ್ದಳು, ಕಣ್ಣು ಮಾತ್ರ ಕಟ್ಟುಗಳ ಮೇಲೇ ಇತ್ತು. “ನಾ ಹಾಗೇ ಬತ್ತೆ.”

ಮರುದಿನ ಅವಳಿಗೆ ಎರಡು ಜಡೆ ಹಾಕಿ, ಕೈಯಲ್ಲಿ ಪ್ರಸಾದದ ಪೊಟ್ಟಣ ಮಾತ್ರ ಹಿಡಿದು ಹೋದೆವು. ಅಕ್ಕೋರು ನನ್ನ ಬರಿಗೈ ನೋಡಿದರು.

“ಕಾಗದ?”

“ಪೂಜೆಗೆ ಇಟ್ಟುಬಿಟ್ಟೆ ಅಕ್ಕೋರೆ. ದಶಮಿಯವರೆಗೆ ಮುಟ್ಟೂಕಾಗ.”

ಅವರು ಕನ್ನಡಕ ತೆಗೆದರು. “ಇಷ್ಟು ವರ್ಷದಲ್ಲಿ ಮಳೆಗೆ ನೆಂದೋಯ್ತು ಅಂದವರನ್ನ ನೋಡಿದ್ದೆ. ಆಕಳು ತಿಂತು ಅಂದವರನ್ನೂ ನೋಡಿದ್ದೆ. ದೇವ್ರ ಹತ್ರ ಅಡ ಇಟ್ಟವ್ರು ನೀವೇ ಮೊದಲು!” ಎಂದು ನಕ್ಕರು. ಆದರೆ ತೀರ್ಮಾನ ನಗುವಿನಲ್ಲಿ ಆಗುವಂಥದ್ದಲ್ಲ. ಒಂದು ಹಾಳೆ, ಪೆನ್ಸಿಲು ಸಹನಾಳ ಮುಂದೆ ಇಟ್ಟರು. ಅವಳು ಕೈ ಹಿಂದೆ ಕಟ್ಟಿಕೊಂಡಳು.

“ಬರೆಯೂಕಾಗ ಅಕ್ಕೋರೆ.”

ಅಕ್ಕೋರು ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

“ಮಾತಾಡೂಕೆ ಅಡ್ಡಿ ಇಲ್ವಲ್ಲ?”

“ಇಲ್ಲ.”

“ಹಾಗಾದ್ರೆ ಕಳೆದ ವಾರ ಎಂತ ಕಲ್ತೆ, ಹೇಳು.”

ಸಹನಾ ಶುರು ಮಾಡಿದಳು. ಸೋಮವಾರದ ಹಾಳೆಯಲ್ಲಿ ದಶಮಾಂಶ. ಮಂಗಳವಾರ ಉಬ್ಬರ ಇಳಿತ, ಚಂದ್ರನಿಗೂ ಕಾಸರಕೋಡದ ಅಳಿವೆಗೂ ಏನು ಸಂಬಂಧ. ಹಾಳೆ ಎದುರಿಗೆ ಇಲ್ಲದಿದ್ದರೂ ಒಂದರ ಹಿಂದೆ ಒಂದು ಬಂತು. ಅಕ್ಕೋರು ಬೇಕೆಂದೇ ಅಡ್ಡ ಹಾಕಿದರು. “ನಂಗೆ ತಿಳೀಲಿಲ್ಲ. ಸೊನ್ನೆ ಬಿಂದು ಐದಕ್ಕಿಂತ ಸೊನ್ನೆ ಬಿಂದು ಹನ್ನೆರಡು ದೊಡ್ಡದಾಗಬೇಕಲ್ಲ?”

“ಗಾಬರಿ ಆಗ್ಬೇಡಿ, ಮತ್ತೊಂದು ಸಲ ಹೇಳ್ತೆ,” ಎಂದಳು ಸಹನಾ, ಅಜ್ಜಿಗೆ ಹೇಳುವ ಅದೇ ಧಾಟಿಯಲ್ಲಿ. “ನಿಮ್ಮನೇಲಿ ಹತ್ತು ಬಂಗಡೆ ಬಂತು ಅಂತ ಮಾಡಿ...”

“ನಾನು ಮೀನು ತಿನ್ನೂದಿಲ್ಲ ಮಾರಾಯ್ತಿ.”

“ಅಡ್ಡಿಲ್ಲ, ಹತ್ತು ಬಾಳೆಹಣ್ಣು.”

ಅಕ್ಕೋರು ಈ ಸಲ ಮೇಜು ತಟ್ಟಿ ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಕೇಳಿದರು. ಅಲ್ಲಿ ಸಹನಾ ಎಡವಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ತಪ್ಪು ಅವಳದ್ದಲ್ಲ, ನನ್ನ ಇಂಗ್ಲಿಷೇ ಅಷ್ಟು.

“ಇಂಗ್ಲಿಷು ಹಿಂದಿದೆ,” ಎಂದರು ಅಕ್ಕೋರು ನನ್ನ ಕಡೆ ತಿರುಗಿ. “ದಿನಾ ಅರ್ಧ ಗಂಟೆ ಬೇಗ ಕಳ್ಸಿ, ನಾನೇ ನೋಡ್ತೆ. ಉಳಿದದ್ದಕ್ಕೆ ಚಿಂತೆ ಇಲ್ಲ. ಆರನೇ ತರಗತಿ.”

ಸಹನಾ ಶಾಲೆಯ ಗೇಟು ದಾಟುವವರೆಗೆ ದೊಡ್ಡವರ ಹಾಗೆ ನಡೆದಳು. ದಾಟಿದ್ದೇ ತಡ, ರಸ್ತೆಯಲ್ಲೇ ಕುಣಿದಳು. ಮನೆಯಲ್ಲಿ ಪ್ರಣೀತನ ಮುಖ ನೋಡುವ ಹಾಗಿತ್ತು. “ಬೆಂಚಲ್ಲಿ ಜಾಗ ಇಟ್ಟಿದ್ದೆ,” ಎಂದ, ನಿಜವಾಗಿಯೂ ಬೇಸರದಲ್ಲಿ. ಅವಳು ಅವನಿಗೆ ತನ್ನ ಪಾಲಿನ ಪಂಚಕಜ್ಜಾಯ ಕೊಟ್ಟಳು.

ದಶಮಿಯಂದು ಕಟ್ಟುಗಳನ್ನು ಇಳಿಸಿದೆ. ಅವನ್ನು ಕೇಳಿದವರು ಯಾರೂ ಇಲ್ಲ. ಅಷ್ಟು ಭಾನುವಾರ ಸಂಜೆಗಳು ದಂಡವಾದವೇ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ತಿಳಿಯಿತು, ಕಾಗದ ಜೋಡಿಸಿದ್ದು ಯಾರಿಗೋ ತೋರಿಸಲಿಕ್ಕಲ್ಲ. ಯಾವ ಹಾಳೆ ಎಲ್ಲಿದೆ ಎಂದು ಗೊತ್ತಿರುವ ತಾಯಿ ಬೆಳಿಗ್ಗೆ ಎದ್ದು ಕೂಗುವುದಿಲ್ಲ. ಕೂಗಿಲ್ಲದ ಮನೆಯಲ್ಲಿ ಮಕ್ಕಳು ಹೆದರದೆ ಬಾಯಿ ಬಿಡುತ್ತಾರೆ, ತಪ್ಪಾದರೆ ಮತ್ತೊಂದು ಸಲ ಹೇಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಶಾಲೆ ತೆರೆದ ದಿನ ಮೂವರೂ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಸಂಜೆ ಮೂವರೂ ಒಟ್ಟಿಗೆ ಒಳನುಗ್ಗಿ ಒಬ್ಬರ ಮಾತಿನ ಮೇಲೆ ಒಬ್ಬರು ಹೇಳತೊಡಗಿದರು. ಭಟ್ಕಳದ ಶಾಲೆಯಲ್ಲಿ ಬಾಯಿಯೇ ಬಿಡದಿದ್ದ ಪ್ರಣೀತನನ್ನು ಹೊಸ ಶಾಲೆಯ ಮೊದಲ ದಿನವೇ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ದೇವರ ಮುಂದೆ ಒಂದು ತುಪ್ಪದ ದೀಪ ಹೆಚ್ಚು ಹಚ್ಚಿದೆ.