ಮೂವತ್ತೆರಡು ಏಟಿನ ಕೂಗು

ಅಣ್ಣನ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು ಊಟ ಮುಗಿಸಿ ಕೈ ತೊಳೆಯುತ್ತ ಒಂದೇ ಮಾತು ಹೇಳುತ್ತಿದ್ದರು. ಹೊಸದುರ್ಗದ ಬಸ್ ಡ್ರೈವರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಐವತ್ತರ ಮ್ಯಾಲೂ ಏನ್ ದಮ್ಮಪ್ಪ ನಿಮ್ಮಣ್ಣಂದು! ಆ ಹೊಸ ರೆಕಾರ್ಡಿಂಗ್ ಕೇಳಿದ್ರೆ ಈ ಮನುಷ್ಯಂಗೆ ರೋಗ ಇತ್ತು ಅಂತ ಯಾರು ನಂಬ್ತಾರೆ?" ಎಂದರು. ನಾನು ತಲೆಯಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಆ ಹೊಸ ರೆಕಾರ್ಡಿಂಗಿನಲ್ಲಿರುವುದು ಅಣ್ಣನ ಐವತ್ತರ ಉಸಿರಲ್ಲ. ಅದು ನನಗೆ ಗೊತ್ತಿತ್ತು, ಸ್ಟುಡಿಯೋದವನಿಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅತ್ತಿಗೆಗೆ ಗೊತ್ತಿರಲಿಲ್ಲ.

ನಮ್ಮದು ಕುರಿ ಸಾಕುವ ಮನೆ. ಊರು ಬಿ.ದುರ್ಗದಿಂದ ಎರಡು ಮೈಲಿ. ಸಂಜೆ ಅಪ್ಪ ಹೊಲದ ಬದುವಿನ ಮೇಲೆ ನಿಂತು "ಹೋ..." ಎಂದು ಒಂದು ಕೂಗು ಹಾಕುತ್ತಿದ್ದ. ಅಷ್ಟಕ್ಕೇ ಹಳ್ಳದಾಚೆ ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತಿ, ತಿರುಗಿ, ಮುಳ್ಳುಬೇಲಿಯ ರೊಪ್ಪದ ಕಡೆ ನಡೆಯುತ್ತಿದ್ದವು. ಒಂದು ವರ್ಷ ಆ ಕೂಗು ಹಳ್ಳ ದಾಟಲಿಲ್ಲ. ಅಪ್ಪ ಚೆನ್ನಾಗಿಯೇ ಉಣ್ಣುತ್ತಿದ್ದ, ನಡೆಯುತ್ತಿದ್ದ, ಆದರೂ ಅವ್ವ ಅವತ್ತಿನಿಂದ ಮಂಕಾದಳು. ಮುಂದಿನ ಯುಗಾದಿಗೆ ಅಪ್ಪ ಇರಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಒಬ್ಬ ಗಂಡಸಿನ ಆರೋಗ್ಯ ನೋಡುವುದೆಂದರೆ ಅವನ ಕೂಗು ಕೇಳುವುದು ಎಂದಾಯಿತು. "ಕೆಮ್ಮಿದ್ರೆ ಕೆಮ್ಲಿ, ಕೂಗು ಹೆಂಗೈತೆ ನೋಡು" ಎನ್ನುತ್ತಿದ್ದಳು ಅವ್ವ. ಅತ್ತಿಗೆಯೂ ಹೊಸದುರ್ಗದ ಕಡೆಯ ಕುರಿಯವರ ಮಗಳು. ಅವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅಪ್ಪನ ಕೂಗು ಅಣ್ಣನಿಗೆ ಬಂತು. ನನಗೆ ಡೊಳ್ಳು ಬಂತು. ಚಿತ್ರದುರ್ಗದಲ್ಲಿ ಗಣಪತಿ ಕೂರಿಸಿದಾಗ ಅಣ್ಣ ಒಂದು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನೋಡಿದ. ಅದಾದ ಮೇಲೆ ಅವನು ಬೇರೆ ಏನನ್ನೂ ಸರಿಯಾಗಿ ನೋಡಿದ ನೆನಪು ನನಗಿಲ್ಲ. ಮೈಕ್ ಸೆಟ್ಟಿನ ಅಂಗಡಿಯಲ್ಲಿ ಕೂತು ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ, ಒಂದು ಹಳೇ ಗಿಟಾರ್ ತಂದು, ಬೆರಳ ತುದಿ ಒಡೆಯುವ ತನಕ ಬಾರಿಸಿ ಕಲಿತ. ನಾನು ಡೊಳ್ಳು ಬಿಟ್ಟು ಡ್ರಮ್ಸಿಗೆ ಕೂತೆ. ಕೀಬೋರ್ಡಿಗೆ ಒಬ್ಬ ಗೆಳೆಯ ಸಿಕ್ಕ. ಗಣಪತಿ ಪೆಂಡಾಲುಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದೆವು. ಅಣ್ಣನಿಗೆ ಮಾತ್ರ ತನ್ನದೇ ಒಂದು ಹಾಡು ಬೇಕಾಗಿತ್ತು.

ಆ ಹಾಡು ಇಷ್ಟೇ. ಸಂಜೆ ಕುರಿಯವನು ಕುರಿ ಎಣಿಸುತ್ತಾನೆ, ಒಂದು ಕಡಿಮೆ. ಮತ್ತೆ ಎಣಿಸುತ್ತಾನೆ, ಮತ್ತೆ ಒಂದು ಕಡಿಮೆ. ಆಮೇಲೆ ಕೂಗುತ್ತಾನೆ. ಅಲ್ಲಿಗೆ ಮಾತು ನಿಂತು ಅಪ್ಪನ ಆ "ಹೋ..." ಬರುತ್ತದೆ, ಅದಕ್ಕೆ ಗಿಟಾರ್ ಉತ್ತರ ಕೊಡುತ್ತದೆ. ಕುರಿ ಸಿಕ್ಕಿತೋ ಇಲ್ಲವೋ ಹಾಡು ಹೇಳುವುದಿಲ್ಲ.

ಮೊದಲ ಸಲ ರೆಕಾರ್ಡ್ ಮಾಡಿದ್ದು ಚಿತ್ರದುರ್ಗದ ಆ ಮೈಕ್ ಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಡೆಗೆ ಗೋಣಿಚೀಲ ಬಡಿದಿದ್ದರು. ಸದ್ದು ಬರುತ್ತದೆಂದು ಫ್ಯಾನ್ ಹಾಕುವಂತಿರಲಿಲ್ಲ. ಮೂವರೂ ಒಟ್ಟಿಗೆ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಎರಡು ಸಲ ಕರೆಂಟ್ ಹೋಯಿತು, ಎರಡು ಸಲ ನಾನೇ ತಪ್ಪಿದೆ. ಐದನೆಯ ಸಲ ಅಣ್ಣ ಕಣ್ಣು ಮುಚ್ಚಿ ಕೂಗು ಎತ್ತಿದ. ಡ್ರಮ್ಸಿನ ಹದಿನಾರು ಏಟಿಗೆ ನಿಲ್ಲಿಸುವುದೆಂದು ಮಾತಾಗಿತ್ತು. ನಾನು ಡ್ರಮ್ಸಿನವನು, ಎಣಿಸುವುದೇ ನನ್ನ ಕೆಲಸ. ಹದಿನಾರು ದಾಟಿತು. ಇಪ್ಪತ್ತು, ಇಪ್ಪತ್ತನಾಲ್ಕು. ಅವನ ಕುತ್ತಿಗೆಯ ನರ ಉಬ್ಬಿತ್ತು, ದನಿ ಅಲುಗಲಿಲ್ಲ. ಮೂವತ್ತೆರಡನೆಯ ಏಟಿಗೆ ನಿಂತಿತು.

"ಲೇ, ಮುಗೀತೇನಪ್ಪ ನಿನ್ನ ಕೂಗು?" ಅಂಗಡಿಯವರು ಬೆವರು ಒರೆಸಿಕೊಳ್ಳುತ್ತ ಕೇಳಿದರು. "ಟೇಪೇ ಸಾಕಾಗಲ್ಲ ಅಂತ ಹೆದರ್ಕಂಡಿದ್ದೆ."

ಕ್ಯಾಸೆಟ್ಟು ಹೊಳಲ್ಕೆರೆ, ಹೊಸದುರ್ಗದ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಧೂಳು ತಿಂದಿತು. ಆಮೇಲೆ ಒಬ್ಬ ಡ್ರೈವರು, ಕಾರ್ಯದ ದಿನ ನನ್ನ ಹೆಗಲು ಹಿಡಿದರಲ್ಲ ಅವರೇ, ಅದನ್ನು ತಮ್ಮ ಬಸ್ಸಿನಲ್ಲಿ ಹಾಕಿದರು. ಅವರು ಹಾಕಿದರೆಂದು ಇನ್ನೊಬ್ಬರು ಹಾಕಿದರು. ವರ್ಷ ತಿರುಗುವುದರಲ್ಲಿ ಹಿರಿಯೂರಿನ ತನಕ ಹಾಡು ಹೋಗಿತ್ತು.

ಒಂದು ಮಧ್ಯಾಹ್ನ ಅತ್ತಿಗೆ ರಸ್ತೆ ಬದಿಯಲ್ಲಿ ಕುರಿ ಮೇಯಿಸುತ್ತಿದ್ದಾಗ ಆ ಬಸ್ಸು ಬಂತು. ಮದುವೆಯಾಗಿ ಮೂರು ತಿಂಗಳಾಗಿತ್ತು ಅವಳಿಗೆ. ಬಸ್ಸಿನ ಸ್ಪೀಕರಿನಿಂದ ಸರಿಯಾಗಿ ಕೂಗು ಎದ್ದಿತು. ಕುರಿಗಳೆಲ್ಲ ತಲೆ ಎತ್ತಿ ರಸ್ತೆಗೆ ನುಗ್ಗಿದವು. ಡ್ರೈವರು ಬ್ರೇಕ್ ಹಾಕಿದರೂ ಒಂದು ಮರಿ ಚಕ್ರಕ್ಕೆ ಸಿಕ್ಕಿತು. ಅತ್ತಿಗೆ ಅದನ್ನು ಸೆರಗಿನಲ್ಲಿ ಸುತ್ತಿ ತಂದು ಅಣ್ಣನ ಮುಂದೆ ಇಟ್ಟಳು. "ನೀನೇ ಕರೀತಿದ್ದೀ ಅನ್ಕಂಡ್ವು" ಎಂದಳು. ಬೈಯಲಿಲ್ಲ. ಅಣ್ಣ ಅವತ್ತು ಉಣ್ಣಲಿಲ್ಲ. ಆದರೆ ಮರುದಿನ ನನಗೆ ಗುಟ್ಟಿನಲ್ಲಿ, "ಕುರೀನೇ ನಂಬಿದ್ವು ನೋಡ್ಲೇ" ಎಂದ. ಅವನ ಮುಖದಲ್ಲಿ ಸಂತೋಷವಿತ್ತು. ನನಗೆ ಅದು ಯಾಕೋ ಹಿಡಿಸಲಿಲ್ಲ.

ಎರಡನೆಯ ರೆಕಾರ್ಡಿಂಗ್ ಹತ್ತು ಹನ್ನೆರಡು ವರ್ಷಗಳ ಮೇಲೆ, ಸಿ.ಡಿ.ಗೆಂದು, ಹಿರಿಯೂರಿನಲ್ಲಿ ಆಯಿತು. ಅಷ್ಟರಲ್ಲಿ ಅಣ್ಣ ಜಲ್ಲಿ ಕ್ರಷರಿನಲ್ಲಿ ಕೆಲಸಕ್ಕಿದ್ದ. ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ರೆಪ್ಪೆಯ ತನಕ ಬೆಳ್ಳಗಾಗಿ ಮನೆಗೆ ಬರುತ್ತಿದ್ದ. ಅತ್ತಿಗೆ ಅವನ ಅಂಗಿಯನ್ನು ಬೇಲಿಗೆ ಬಡಿದು ಧೂಳು ಕೊಡವಿ ಒಳಗೆ ತರುತ್ತಿದ್ದಳು. ಮೊದಮೊದಲು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳುತ್ತಿದ್ದ, ಉಸಿರು ಕಟ್ಟುತ್ತದೆಂದು ಬಿಟ್ಟ. ಹಿರಿಯೂರಿನಲ್ಲಿ ಅವನ ಕೂಗು ಇಪ್ಪತ್ತಮೂರು ಏಟಿಗೆ ನಿಂತಿತು. ನಾನು ಅವನ ಮುಖ ನೋಡಿದೆ. "ಮೈಕ್ ಬ್ಯಾರೆ ಐತಲ್ಲಲೇ" ಎಂದ. ಮೈಕಿಗೂ ಏಟಿನ ಲೆಕ್ಕಕ್ಕೂ ಸಂಬಂಧವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ನಕ್ಕೆವು.

ಆಮೇಲಿನ ವರ್ಷಗಳಲ್ಲಿ ಕೆಮ್ಮು ಮನೆಯ ಒಬ್ಬ ಸದಸ್ಯನ ಹಾಗೆ ಸೇರಿಕೊಂಡಿತು. ಅಂಗಿ ಸಡಿಲವಾಯಿತು. ಸಂಜೆ ಕುರಿ ಕರೆಯುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. "ದೊಡ್ಡಾಸ್ಪತ್ರೆಗೆ ಹೋಗಾಣ" ಎಂದು ಅವಳು ದಿನಾ ಹೇಳುವಳು. "ಕ್ರಷರ್ ಧೂಳು ಕಣೇ, ನಾಕು ದಿನ ರಜಾ ಹಾಕಿದ್ರೆ ಹೋಗ್ತದೆ" ಎಂದು ಇವನು ದಿನಾ ಹೇಳುವನು.

ಹೀಗಿರುವಾಗ ಯಾರೋ ಆ ಹಳೇ ಕ್ಯಾಸೆಟ್ಟಿನ ಹಾಡನ್ನು ಮೊಬೈಲಿಗೆ ಹತ್ತಿಸಿದರು. ತಾವು ಹುಟ್ಟುವ ಮುಂಚಿನ ಹಾಡನ್ನು ಕಾಲೇಜು ಹುಡುಗರು ಕೇಳತೊಡಗಿದರು. ಚಿತ್ರದುರ್ಗದ ಒಬ್ಬ ಸ್ಟುಡಿಯೋದವನು ಮನೆಗೇ ಬಂದು, ಹೊಸದಾಗಿ ರೆಕಾರ್ಡ್ ಮಾಡೋಣ ಎಂದ. ಅಣ್ಣ ಎದ್ದು ಕೂತ. ಅತ್ತಿಗೆ ಟೀ ಲೋಟ ಇಟ್ಟು, "ಮೊದ್ಲು ಆಸ್ಪತ್ರೆ. ಆಮ್ಯಾಲೆ ಹಾಡು" ಎಂದಳು.

"ಒಂದು ಮಾತು ಹೇಳ್ತೀನಿ ಕೇಳು" ಎಂದ ಅಣ್ಣ. "ಹಾಡು ಆಗ್ಲಿ. ನನ್ನ ಕೂಗು ಮೊದಲಿನಂಗೆ ಏಳಲಿಲ್ಲ ಅಂದ್ರೆ ಮಾರನೇ ದಿನ ನಾನೇ ಬಸ್ ಹತ್ತಿ ದೊಡ್ಡಾಸ್ಪತ್ರೆಗೆ ಬರ್ತೀನಿ. ಎದ್ದರೆ ನೀನು ಸುಮ್ನಿರಬೇಕು."

ಬೇರೆ ಮನೆಯ ಹೆಂಗಸಾಗಿದ್ದರೆ ಇದೇನು ಹುಚ್ಚು ಎನ್ನುತ್ತಿದ್ದಳು. ಅತ್ತಿಗೆ ನನ್ನ ಕಡೆ ತಿರುಗಿ, "ನೀನೂ ಜತಿಗೆ ಇರ್ತೀಯಲ್ಲಪ್ಪ?" ಎಂದಳು.

"ಇರ್ತೀನಿ ಅತ್ತಿಗೆ."

"ಹಂಗಾರೆ ಆಗ್ಲಿ."

ದೀಪಾವಳಿಗೆ ಮುಂಚಿನ ಸೋಮವಾರ ಹೋದೆವು. ಗಾಜಿನ ಆಚೆ ಅಣ್ಣ ಒಬ್ಬನೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ. ಮಾತಿನ ಭಾಗ ಚೆನ್ನಾಗಿಯೇ ಬಂತು, ಒಡೆದ ದನಿ ಆ ಹಾಡಿಗೆ ಒಪ್ಪುತ್ತಿತ್ತು ಕೂಡ. ಕೂಗು ಬಂದಾಗ ನನ್ನ ಬೆರಳು ತೊಡೆಯ ಮೇಲೆ ತಾನಾಗಿ ಎಣಿಸಿತು. ಒಂಬತ್ತು. ಆಮೇಲೆ ಕೆಮ್ಮು ಹಿಡಿಯಿತು. ಗೋಡೆಗೆ ಕೈಯೂರಿ ಬಗ್ಗಿದ. ಎರಡನೆಯ ಸಲ ಏಳು. ಮೂರನೆಯ ಸಲ ಬಾಯಿ ತೆರೆದ, ದನಿ ಹೊರಡಲಿಲ್ಲ.

"ಬಿಡ್ರಿ ಸಾರ್, ಯಾಕೆ ಕಷ್ಟ ಪಡ್ತೀರಿ?" ಎಂದ ಸ್ಟುಡಿಯೋದವನು. "ಹಳೇ ಕ್ಯಾಸೆಟ್‌ನಾಗೆ ನಿಮ್ಮದೇ ಕೂಗು ಐತಲ್ಲ, ಅದನ್ನೇ ಎತ್ತಿ ಇಲ್ಲಿ ಕೂರಿಸ್ತೀನಿ. ಯಾರಿಗೂ ಗೊತ್ತಾಗಲ್ಲ." ಅವನಿಗೆ ಮನೆಯ ಮಾತು ಗೊತ್ತಿರಲಿಲ್ಲ. ಒಳ್ಳೆಯದಕ್ಕೇ ಹೇಳಿದ.

ಅಣ್ಣ ಗಾಜಿನಾಚೆಯಿಂದ ನನ್ನನ್ನು ನೋಡಿದ. ನಾನು ಆಗಲೇ ಬೇಡ ಎನ್ನಬೇಕಿತ್ತು. ಹತ್ತು ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ಕೂಗು ಇವತ್ತಿನ ಹಾಡಿನ ನಡುವೆ ಎದ್ದಿತು. ಗೋಣಿಚೀಲದ ಕೋಣೆ, ಉಬ್ಬಿದ ನರ, ಮೂವತ್ತೆರಡು ಏಟು. ನನ್ನ ಮೈಮೇಲೆ ಮುಳ್ಳೆದ್ದವು. ಈಗ ನಿಜ ಬರೆಯಬೇಕು: ಹಾಡು ಹಾಗೇ ಇರಲಿ ಎಂಬ ಆಸೆ ನನಗೂ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅಣ್ಣ, "ನಿಮ್ಮತ್ತಿಗೆಗೆ ಹೇಳಬ್ಯಾಡ" ಎಂದ.

"ಮತ್ತೆ ಆಸ್ಪತ್ರೆ?"

"ಹಬ್ಬ ಮುಗೀಲಿ, ಇಬ್ರೇ ಹೋಗಿಬರಾಣ. ಅವಳಿಗ್ಯಾಕೆ ಗಾಬರಿ?"

ನಾನು ಹೂಂ ಅಂದೆ. ಹಬ್ಬ ಮುಗಿಯಿತು. ಶೇಂಗಾ ಕೀಳುವುದಿತ್ತು, ಆಮೇಲೆ ಯಾರದೋ ಮದುವೆ ಇತ್ತು. ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಡು ಬಿಡುಗಡೆಯಾದ ದಿನ ಜಗಲಿಯ ಮೇಲೆ ಕೂತು ಕೇಳಿದೆವು. ಕೂಗು ಬರುವಾಗ ಅತ್ತಿಗೆ ಕಣ್ಣು ಮುಚ್ಚಿದಳು. ಅದು ಮುಗಿಯುವ ತನಕ ಅವಳೂ ಉಸಿರು ಬಿಡಲಿಲ್ಲ. ರೊಪ್ಪದಲ್ಲಿ ಮಲಗಿದ್ದ ಕುರಿಗಳು ಒಂದೊಂದಾಗಿ ಎದ್ದು ನಿಂತವು. "ಅವಕ್ಕೂ ಗೊತ್ತಾತು ನೋಡು" ಎಂದು ನಕ್ಕಳು. ಎರಡೂ ಕೈಯಿಂದ ಅಣ್ಣನ ಮುಖ ನೀವಿ, ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. "ಗೆದ್ದೆ ಬಿಡು ಮಾರಾಯ. ಇನ್ನ ಆಸ್ಪತ್ರೆ ಮಾತು ಎತ್ತಲ್ಲ." ಹಾಗೇ ನಡೆದುಕೊಂಡಳು. ಅಣ್ಣ ನನ್ನ ಕಡೆ ನೋಡಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಒಂದು ಸಂಜೆ ಅತ್ತಿಗೆ ತವರಿಗೆ ಹೋಗಿದ್ದಳು. ಅಣ್ಣ ಅಪ್ಪ ನಿಲ್ಲುತ್ತಿದ್ದ ಬದುವಿನ ಮೇಲೆ ನಿಂತು ಕೂಗಿದ. ನಾನು ಹತ್ತು ಮಾರು ದೂರದಲ್ಲಿದ್ದೆ, ನನಗೇ ಸರಿಯಾಗಿ ಕೇಳಿಸಲಿಲ್ಲ. ಒಂದು ಕುರಿಯೂ ತಲೆ ಎತ್ತಲಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತಿದ್ದವು. ಅಣ್ಣ ಇನ್ನೊಮ್ಮೆ ಕೂಗಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು, ಹಾಡಿನ ಆ ಜಾಗ ಹುಡುಕಿ, ಕೈ ಮೇಲೆತ್ತಿ ಹಿಡಿದ. ಕುರಿಗಳು ತಿರುಗಿ ನಡೆದು ಬಂದವು. ಅವು ಅವನ ಕಾಲು ಸವರಿಕೊಂಡು ಹೋಗುವಾಗಲೂ ಅವನು ಕೈ ಇಳಿಸಿರಲಿಲ್ಲ. ಆ ರಾತ್ರಿಯೇ ನಾನು ಅತ್ತಿಗೆಗೆ ಫೋನ್ ಮಾಡಬಹುದಿತ್ತು.

ಯುಗಾದಿ ಕಳೆದು ವಾರಕ್ಕೆ ರಕ್ತ ಕಾರಿದ. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಲ್ಲಿನ ಧೂಳು ಮೊದಲೇ ಕೂತಿತ್ತು, ಅದರ ಮೇಲೆ ಕ್ಷಯ ಹಿಡಿದಿದೆ ಎಂದರು. ಕ್ಷಯಕ್ಕೆ ಔಷಧಿ ಇದೆ, ಇನ್ನೊಂದಿಷ್ಟು ಮುಂಚೆ ಬರಬೇಕಿತ್ತು ಎಂದರು. ಅತ್ತಿಗೆ, "ಕೂಗು ಚೆನ್ನಾಗಿತ್ತಲ್ರಿ ಸಾರ್" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅಣ್ಣ ಹದಿನೆಂಟು ದಿನ ಇದ್ದ.

ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಅತ್ತಿಗೆಯ ಮುಂದೆ ಕೂತೆ. ಸ್ಟುಡಿಯೋದವನು ಅವತ್ತಿನ ಮೂಲ ರೆಕಾರ್ಡಿಂಗನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ. ಏನೂ ಹೇಳದೆ ಹಚ್ಚಿದೆ. ಒಂಬತ್ತು ಏಟು. ಕೆಮ್ಮು. ಆಮೇಲೆ ಅಣ್ಣನ ಮಾತು, ದೂರದಿಂದ ಬಂದ ಹಾಗೆ: "ಲೇ, ಆಗಲ್ಲ ಕಣೋ."

"ಇದು ಯಾವತ್ತಿಂದು?" ಅತ್ತಿಗೆ ಕೇಳಿದಳು.

"ದೀಪಾವಳಿ ಮುಂಚಿನ ಸೋಮವಾರದ್ದು. ಅವತ್ತು ಹೋಗಿದ್ವಲ್ಲ, ಅವತ್ತಿಂದೇ. ನೀನು ಕೇಳಿದ್ದು ಹಳೇ ಕ್ಯಾಸೆಟ್ಟಿನ ಕೂಗು ಅತ್ತಿಗೆ. ಇದ್ರ ಮ್ಯಾಲೆ ಕೂರಿಸಿದ್ದು."

ಅವಳು ಅಳಲಿಲ್ಲ. ಹೆಬ್ಬೆರಳನ್ನು ಬೆರಳ ಗೆಣ್ಣಿಗೆ ಇಟ್ಟು ನಿಧಾನವಾಗಿ ಎಣಿಸಿದಳು. "ದೀಪಾವಳಿ. ಕಡೇ ಕಾರ್ತೀಕ. ಸಂಕ್ರಾಂತಿ. ಶಿವರಾತ್ರಿ. ಹೋಳಿ. ಉಗಾದಿ." ಕೊನೆಯ ಗೆಣ್ಣಿನ ಮೇಲೆ ಹೆಬ್ಬೆರಳು ನಿಂತಿತು. "ಐದು ತಿಂಗಳ ಮ್ಯಾಲೆ ಇತ್ತಲ್ಲ."

ನಾನು ಮೊಬೈಲ್ ಆರಿಸಿದೆ.

"ನಿಂಗೆ ಎಣಿಸಾಕೆ ಬರ್ತಿತ್ತಲ್ಲಪ್ಪ" ಎಂದಳು.

ಆಮೇಲೆ ಅವಳೇ, ಜನ ಮೊಬೈಲಿನಲ್ಲಿ ಕೇಳುತ್ತಿರುವುದನ್ನು ತೆಗೆಸಿ ಇದನ್ನು ಹಾಕಿಸು ಎಂದಳು. ಸ್ಟುಡಿಯೋದವನು ಹಿಂಜರಿದ. "ಕೆಮ್ಮೂ ಐತಲ್ರಿ ಸಾರ್, ಕಟ್ ಮಾಡ್ಲಾ?" ಎಂದ. ಬೇಡ ಎಂದೆ. ಹೋದ ವಾರ ಹಾಕಿದ್ದಾನೆ. ಕೇಳುವವರು ಕಡಿಮೆಯಾಗಿದ್ದಾರೆ. ಡ್ರೈವರು ಫೋನ್ ಮಾಡಿ, "ಯಾಕಪ್ಪ, ಹಾಡು ಕೆಡಿಸಿದ್ರಿ?" ಎಂದು ಬೇಜಾರು ಮಾಡಿಕೊಂಡರು.

ಅತ್ತಿಗೆ ಈಗಲೂ ನನಗೆ ಊಟಕ್ಕೆ ಬಡಿಸುತ್ತಾಳೆ. ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ಸಂಜೆ ಬದುವಿನ ಮೇಲೆ ನಿಂತು ಅವಳೇ ಕುರಿ ಕರೆಯುತ್ತಾಳೆ. ನಾನು ಒಳಗೆ ಕೂತು ಅವಳ ಕೂಗು ಎಷ್ಟು ಏಟು ನಿಲ್ಲುತ್ತದೆಂದು ಎಣಿಸುತ್ತೇನೆ. ಅಣ್ಣನ ಅಂಗಿಯ ಧೂಳು ಕೊಡವಿದವಳು ಅವಳು. ನಿನ್ನೆ ಹದಿನಾಲ್ಕು ಇತ್ತು. ಇವತ್ತು ಹನ್ನೆರಡು. ಅವಳ ಮುಂದೆ ಹೋಗಿ ನಿಂತು, "ಅತ್ತಿಗೆ, ನಾಳೆ ದೊಡ್ಡಾಸ್ಪತ್ರೆಗೆ ಹೋಗಾಣ ಬಾ" ಎಂದೆ. ಅವಳು ಬಹಳ ದಿನದ ಮೇಲೆ ನನ್ನ ಮುಖ ನೋಡಿದಳು. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದೇವೆ.