ಮರಳಿನ ತಾಟು

ಯುದ್ಧದ ಕಾಲವದು. ಜೊಯಿಡಾದ ಕಡೆ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ನನ್ನ ಗಂಡ ನೋಡಿಕೊಳ್ಳುತ್ತಿದ್ದ ಪ್ರವಾಸಿ ಬಂಗಲೆಯಲ್ಲಿ ಕಂದೀಲುಗಳು ಮೂಲೆ ಸೇರಿ, ಬಂದವರ ಕೋಣೆಗೆ ಮೇಣಬತ್ತಿ ಬಂತು. ಹಿತ್ತಾಳೆ ತಾಟಿನ ತುಂಬ ಮರಳು ಹಾಕಿ, ಅದರ ನಡುವೆಯೇ ಬತ್ತಿ ನಿಲ್ಲಿಸಬೇಕು ಎಂಬುದು ನನ್ನ ಗಂಡನ ಕಟ್ಟುನಿಟ್ಟು. "ಬತ್ತಿಗೂ ತಾಟು ಹಾಕಿ ಊಟಕ್ಕ ಬಡಸ್ತೀರೇನ್ರಿ?" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನನ್ನ ನಾಲಿಗೆ ಆಗಲೂ ಉದ್ದವೇ.

ಒಂದು ಶುಕ್ರವಾರ ನೆರೆಮನೆಯ ಬಸುರಿಗೆ ಕುಬಸದ ಶಾಸ್ತ್ರ. ಆರತಿಗೆ ದೊಡ್ಡ ತಾಟು ಬೇಕಿತ್ತು, ನನ್ನದು ಸೀಳಿತ್ತು. ಗಂಡನಿಗೆ ಹೇಳದೆ ಬಂಗಲೆಯದನ್ನೇ ಎತ್ತಿಕೊಂಡೆ. ಬದಲಿಗೆ ತೆಂಗಿನ ಕರಟದಲ್ಲಿ ಮರಳು ತುಂಬಿ ಬತ್ತಿ ನಿಲ್ಲಿಸಿದೆ. ಕರಟ ಉರುಳುತ್ತದಲ್ಲ, ಕೊಡದ ಕೆಳಗೆ ಇಡುವ ಹಾಗೆ ಹುಲ್ಲಿನ ಸಿಂಬಿ ಇಟ್ಟೆ. ಹುಟ್ಟಿದಾಗಿನಿಂದ ದುಂಡು ತಳದ ಪಾತ್ರೆಗೆಲ್ಲ ಸಿಂಬಿ ಇಟ್ಟ ಕೈ ಇದು. ಎಷ್ಟು ಚೆಂದ ಕೂತಿತೆಂದು ಬೀಗಿದೆನೇ ಹೊರತು, ಬೆಂಕಿಯ ಬುಡಕ್ಕೆ ಒಣಹುಲ್ಲು ಇಟ್ಟಿದ್ದೇನೆಂದು ಹೊಳೆಯಲಿಲ್ಲ.

ಸಂಜೆ, ಹಳಿಯಾಳದಿಂದ ಶಾಲೆಗಳ ತಪಾಸಣೆಗೆ ಬಂದಿದ್ದ ಸಾಹೇಬರು ಬತ್ತಿ ಹಚ್ಚಿಟ್ಟು ಸ್ನಾನಕ್ಕೆ ಹೋದರು. ನಾನು ಕುಬಸದ ಮನೆಯಲ್ಲಿ ಹಾಡು ಹೇಳುತ್ತಿದ್ದೆ. ಬತ್ತಿ ವಾಲಿ ಸಿಂಬಿಗೆ ಹತ್ತಿ, ಅಲ್ಲಿಂದ ಉರಿ ಸೊಳ್ಳೆಪರದೆಗೆ ಏರಿತ್ತು. ಹೊಗೆ ಕಂಡು ನಾನು ಓಡಿ ಬರುವಷ್ಟರಲ್ಲಿ ನನ್ನ ಗಂಡ ಉರಿಯುವ ಪರದೆಯನ್ನು ಬರಿಗೈಯಲ್ಲಿ ಕಿತ್ತು ಅಂಗಳಕ್ಕೆ ಎಳೆದು ತಂದಿದ್ದರು. ಸಾಹೇಬರಿಗೆ ಏನೂ ಆಗಲಿಲ್ಲ. ಇವರ ಬಲಗೈ ಬೆರಳುಗಳು ಮಾತ್ರ ಮತ್ತೆಂದೂ ನೆಟ್ಟಗಾಗಲಿಲ್ಲ.

ವಿಚಾರಣೆಗೆ ಮೇಲಿನ ಅಧಿಕಾರಿ ಬಂದರು. ಸುಟ್ಟ ಕರಟ ತೋರಿಸಿ, "ಇದನ್ನ ಇಟ್ಟಾವ್ರು ಯಾರು?" ಎಂದು ಕೇಳಿದರು. ನಾನು ಬಾಗಿಲ ಹಿಂದೆಯೇ ಇದ್ದೆ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

"ನಾನ ಇಟ್ಟೇನ್ರಿ. ನಂದ ತಪ್ಪಾತ್ರಿ" ಎಂದರು ಇವರು.

ಕೆಲಸ ಹೋಯಿತು, ಅದರ ಜೊತೆ ಇರಲು ಕೊಟ್ಟಿದ್ದ ಮನೆಯೂ ಹೋಯಿತು. ಕರಟ ಯಾರು ಇಟ್ಟರೆಂದು ಇವರಿಗೆ ತಿಳಿಯದೆ, ಬಂಗಲೆ ತಮ್ಮ ಹೊಣೆ ಎಂದು ಒಪ್ಪಿಕೊಂಡಿರಬೇಕು ಅಂದುಕೊಂಡು ನಾನು ಉಸಿರು ಬಿಟ್ಟೆ. ಎಂಥ ಹೆಂಗಸು ನಾನು!

ಹೊರಡುವ ದಿನ ಬಂಗಲೆಯ ಸಾಮಾನು ಒಪ್ಪಿಸಬೇಕಿತ್ತು. ತಾಟನ್ನು ಸೆರಗಿನಲ್ಲಿ ಮುಚ್ಚಿ ತಂದು, ಗಡಿಬಿಡಿಯಲ್ಲಿ ಉಳಿದ ಪಾತ್ರೆಗಳ ನಡುವೆ ಸೇರಿಸಿದೆ. ಇವರು ಅದನ್ನೇ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಂಚಿಗೆ ಆರತಿಯ ಕುಂಕುಮ ಒಣಗಿ ಅಂಟಿತ್ತು. ಅಧಿಕಾರಿ ಬರುವ ಮೊದಲು ಅದನ್ನು ಎಡಗೈ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅಳಿಸಿದರು.

"ನಡಿ, ತೇರಗಾಂವಕ್ಕ ಹೋಗೂಣು. ಗಾಡಿ ಕಾಯಾಕತ್ತೈತಿ" ಎಂದರು. ಅಷ್ಟೇ.

ತೇರಗಾಂವದಲ್ಲಿ ನಾನು ಕೂಲಿಗೆ ಹೋದೆ, ಅವರು ಊರಿನ ದನ ನೋಡಿಕೊಂಡರು. ಆ ಮಾತು ಅವರು ಎಂದೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೂ ಜಗಳ ಮಾಡಿ, ಅತ್ತು, ತಪ್ಪಾಯಿತು ಎನ್ನುತ್ತಿದ್ದೆನೇನೋ. ಎಡಗೈಯಲ್ಲಿ ಉಣ್ಣಲು ನಾಚುತ್ತಿದ್ದರೆಂದು, ಅವರು ಸಾಯುವ ತನಕ ನಾನೇ ತುತ್ತು ಕಲಸಿ ಬಾಯಿಗಿಟ್ಟೆ. ಒಂದೊಂದು ತುತ್ತಿಗೂ ಹೇಳಬಹುದಿತ್ತು. ಹೇಳಲಿಲ್ಲ.