ಕಾಶಿಯ ಚಳಿಯಲ್ಲಿ ಕಚೇರಿ ಹುಡುಕಿ

ಕಾಶಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಸ್ವೆಟರ್ ತೊಟ್ಟ ಆಡೊಂದು ಕೂತಿತ್ತು. ಯಾರೋ ತಮ್ಮ ಹಳೆಯ ನೀಲಿ ಸ್ವೆಟರಿನ ತೋಳುಗಳಿಗೆ ಅದರ ಮುಂಗಾಲು ತೂರಿಸಿ, ಬೆನ್ನ ಮೇಲೆ ಗುಂಡಿ ಹಾಕಿದ್ದರು. ನಾನು ಮೈಸೂರಿನಿಂದ ತಂದಿದ್ದ ತೆಳು ಶಾಲು ಹೊದ್ದು ಗಡಗಡ ನಡುಗುತ್ತಿದ್ದೆ. ಆಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅಯ್ಯೋ ಪಾಪ ಎನ್ನುವ ಹಾಗೆ ಮುಖ ತಿರುಗಿಸಿತು. ಅದೇ ಸಂಜೆ ಗೋದೌಲಿಯಾ ಪೇಟೆಯ ಸಂತೆಯಂಥ ಗದ್ದಲದಲ್ಲಿ ನುಗ್ಗಿ ದಪ್ಪ ಸ್ವೆಟರೊಂದನ್ನು ಕೊಂಡುಕೊಂಡೆ.

ನಾನು ಬ್ಯಾಂಕಿನವಳು. ಐವತ್ತರ ಹೊಸ್ತಿಲಲ್ಲಿ ಬಡ್ತಿ ಬಂತು, ಬಡ್ತಿಯ ಬಾಲ ಹಿಡಿದು ವಾರಾಣಸಿಗೆ ವರ್ಗವೂ ಬಂತು. ನಮ್ಮವರದು ಮೈಸೂರಿನಲ್ಲಿ ಸಣ್ಣ ಮುದ್ರಣಾಲಯ. ಅದನ್ನು ಹೆಗಲ ಮೇಲೆ ಹೊತ್ತು ತರಲಾಗುತ್ತದೆಯೇ? ಹೀಗಾಗಿ ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಮನೆ ಮಾಡಿದೆ. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೂರನೆಯ ಮಹಡಿ. ತಾರಸಿಗೆ ಸುತ್ತಲೂ ಮೇಲೂ ಕಬ್ಬಿಣದ ಜಾಲರಿ. ಮಂಗಗಳು ಹೊರಗೆ ಕೂತು ನೋಡುತ್ತವೆ, ನಾನು ಒಳಗೆ ಬಟ್ಟೆ ಒಣಹಾಕುತ್ತೇನೆ. ಮೈಸೂರಿನ ಮೃಗಾಲಯದಲ್ಲಿ ನಾನು ಹೊರಗಿರುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಊರು ನನಗೆ ಹಿಡಿಸಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ನದಿಯ ದಂಡೆಯ ಮೆಟ್ಟಿಲುಗಳ ಮೇಲೆ ನಡೆಯುವುದು, ಚಳಿಗಾಲದಲ್ಲಿ ಮಾತ್ರ ಸಿಗುವ ಮಲೈಯೋ ಎಂಬ ಹಾಲಿನ ನೊರೆಯನ್ನು ಮಣ್ಣಿನ ಕುಡಿಕೆಯಲ್ಲಿ ತಿನ್ನುವುದು, ಯಾರಿಗೂ ಅಡುಗೆ ಏನು ಅಂತ ಹೇಳದೆ ಒಂದು ದಿನ ಬರೀ ಮೊಸರನ್ನ ಉಣ್ಣುವುದು, ಎಲ್ಲವೂ ಹಿಡಿಸಿತು. ಹಿಡಿಸದೆ ಇದ್ದದ್ದು ಮೌನ. ದಿನವಿಡೀ ಹಿಂದಿ ಮಾತಾಡಿ ಬಂದ ನಾಲಿಗೆಗೆ ಸಂಜೆ ಕೆಲಸವಿಲ್ಲ. ಇಲ್ಲಿ ಕನ್ನಡ ಕಿವಿಗೆ ಬೀಳುವುದು ಹೆಚ್ಚಾಗಿ ನಮ್ಮ ಕಡೆಯ ಮಠದ ಜಗಲಿಯಲ್ಲಿ. ಅಲ್ಲಿಗೆ ಬರುವವರಲ್ಲಿ ಅನೇಕರು ಮಣಿಕರ್ಣಿಕೆಯಲ್ಲಿ ತಮ್ಮವರ ಕೊನೆಯ ಕೆಲಸ ಮುಗಿಸಿ ಬಂದವರು. ಕಣ್ಣು ಕೆಂಪಗಾದವರ ಹತ್ತಿರ ಹೋಗಿ, ನೀವು ಯಾವೂರಿನವರು ಎಂದು ನಗುನಗುತ್ತ ಕೇಳಲಾಗುತ್ತದೆಯೇ? ದೂರದಲ್ಲಿ ನಿಂತು ಅವರ ಮಾತನ್ನು ಕೇಳಿಸಿಕೊಂಡು ಬರುತ್ತಿದ್ದೆ.

ಇಷ್ಟನ್ನೆಲ್ಲ ಸಹಿಸಿದೆ. ಡಿಸೆಂಬರ್ ತಿಂಗಳನ್ನು ಮಾತ್ರ ಸಹಿಸಲಾಗಲಿಲ್ಲ. ಇಪ್ಪತ್ತೆರಡು ವರ್ಷ, ಬೇರೆ ಯಾವ ರಜೆಯನ್ನೂ ಹಾಕದೆ ಕೂಡಿಟ್ಟು, ಕ್ರಿಸ್‌ಮಸ್ ವಾರಕ್ಕೆ ಸರಿಯಾಗಿ ಗೆಳತಿ ಪದ್ಮಳ ಜೊತೆ ಮದರಾಸಿನ ಸಂಗೀತೋತ್ಸವಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಒಂದು ಕಚೇರಿ, ಮಧ್ಯಾಹ್ನ ಒಂದು, ಸಂಜೆ ಒಂದು; ನಡುವೆ ಸಭಾದ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತ ಹಾಡಿದವರನ್ನೆಲ್ಲ ಬೈಯುವುದು. ಕಾಶಿಗೆ ಬಂದ ಮೊದಲ ವರ್ಷ ರಜೆ ಸಿಗಲಿಲ್ಲ. ಎರಡನೆಯ ವರ್ಷವೂ ಇಲ್ಲ ಎಂದಾಗ ನಿಜವಾಗಿ ಅಳು ಬಂತು.

ಆ ತಿಂಗಳ ಕೊನೆಯೊಳಗೆ, ಎರಡು ವರ್ಷ ಮುಗಿಸಿದವರು ತಮ್ಮ ರಾಜ್ಯಕ್ಕೆ ವರ್ಗ ಬೇಕೆಂದು ಅರ್ಜಿ ಹಾಕಬಹುದಿತ್ತು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ನಮ್ಮವರನ್ನು ಕೇಳಿದೆ. "ನಿನ್ನಿಷ್ಟ ಕಣೇ" ಎಂದರು. ಮದುವೆಯಾದವರಿಗೆ ಗೊತ್ತು, ಇದಕ್ಕಿಂತ ಕಷ್ಟದ ಉತ್ತರ ಇನ್ನೊಂದಿಲ್ಲ.

ಪದ್ಮ ಮದರಾಸಿನ ಕ್ಯಾಂಟೀನಿನಿಂದಲೇ ಫೋನು ಮಾಡಿದಳು. ಹಿಂದೆ ತಟ್ಟೆಗಳ ಸದ್ದು. "ಏನೇ, ಗಂಗೆಯಲ್ಲಿ ಮುಳುಗಿಹೋದ್ಯಾ? ಸಂಗೀತದ ತವರುಮನೇಲಿ ಕೂತ್ಕೊಂಡು ಮದರಾಸಿಗೆ ಅಳ್ತೀಯಲ್ಲೇ!"

"ತವರುಮನೆ ಅಂತೀಯ. ಎರಡು ವರ್ಷದಲ್ಲಿ ಒಂದೇ ಒಂದು ಕಚೇರಿ ನನ್ನ ಕಣ್ಣಿಗೆ ಬಿದ್ದಿಲ್ಲ ಕಣೇ."

"ಸರಿ, ತಿಂಗಳು ಮುಗಿಯೋಕೆ ಹತ್ತು ದಿನ ಇದೆ. ಹುಡುಕು. ಒಂದು ಒಳ್ಳೇ ಕಚೇರಿ ಸಿಕ್ರೆ ಅಲ್ಲೇ ಇರು. ಸಿಗದೇ ಇದ್ರೆ ಅರ್ಜಿ ಹಾಕಿ ಬಾ."

ತಮಾಷೆಗೆ ಹೇಳಿದ್ದಳು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನಿಂದ ತೀರ್ಮಾನಿಸಲಾಗದ್ದನ್ನು ಸಂಗೀತ ತೀರ್ಮಾನಿಸಲಿ ಎನ್ನಿಸಿತು.

ಹುಡುಕುವುದು ಹೇಗೆ? ಮೈಸೂರಿನಲ್ಲಾದರೆ ಪತ್ರಿಕೆಯ ಒಂದು ಮೂಲೆಯಲ್ಲಿ 'ನಗರದಲ್ಲಿ ಇಂದು' ಎಂದು ಎಲ್ಲವೂ ಸಿಗುತ್ತದೆ. ಮನೆಗೆ ಆಹ್ವಾನ ಪತ್ರಿಕೆ ಬರುತ್ತದೆ. ಐದೂಮುಕ್ಕಾಲು ಎಂದರೆ ಐದೂಮುಕ್ಕಾಲಿಗೆ ವರ್ಣ ಶುರುವಾಗುತ್ತದೆ. ಇಲ್ಲಿಯ ಪತ್ರಿಕೆಯಲ್ಲಿ ಮಂಜಿನಿಂದ ತಡವಾದ ರೈಲುಗಳ ಪಟ್ಟಿ ಮಾತ್ರ ಇತ್ತು. ಘಾಟಿನ ಹತ್ತಿರದ ಒಂದು ಹೋಟೆಲಿನ ಮುಂದೆ 'ಪ್ರತಿ ಸಂಜೆ ಶಾಸ್ತ್ರೀಯ ಸಂಗೀತ' ಎಂಬ ಹಲಗೆ ಕಂಡು ಒಳಗೆ ಹೋದೆ. ಹಾಸಿಗೆ ಹಾಸಿದ ಕೋಣೆಯಲ್ಲಿ ವಿದೇಶಿಯರು ಕಣ್ಣು ಮುಚ್ಚಿ ಕೂತಿದ್ದರು. ಒಬ್ಬ ಸಿತಾರ್ ಹಿಡಿದಿದ್ದ, ಇನ್ನೊಬ್ಬ ತಬಲಾ. ನಾನು ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದೆ. ಸಿತಾರಿನವನು ನನ್ನ ಕೈಯನ್ನೇ ನೋಡುತ್ತ ಬೆವರಿದ. ಮುಕ್ಕಾಲು ಗಂಟೆಗೆ ಮುಗಿಸಿ ನೇರ ನನ್ನ ಹತ್ತಿರ ಬಂದು, "ಮೇಡಂ, ಆಪ್ ರೇಡಿಯೋ ಸೇ ಹೈಂ ಕ್ಯಾ?" ಎಂದು ಕೇಳಿದ. ರೇಡಿಯೋದವಳಲ್ಲ, ಬ್ಯಾಂಕಿನವಳು ಎಂದಾಗ ಅವನಿಗೆ ಹೋದ ಜೀವ ಬಂತು. ಹುಡುಗ ಒಳ್ಳೆಯವನೇ. ಆದರೆ ಇದನ್ನು ಕಚೇರಿ ಎಂದು ಲೆಕ್ಕಕ್ಕೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಬಡಾ ದಿನ್ ಬಂತು. ಇಲ್ಲಿಯವರು ಕ್ರಿಸ್‌ಮಸ್ಸಿಗೆ ಹೇಳುವುದೇ ಹಾಗೆ, ದೊಡ್ಡ ದಿನ. ಆ ದಿನ ಊರಿಗೆ ಊರೇ ಕಂಟೋನ್ಮೆಂಟಿನ ಕಡೆಯ ಚರ್ಚಿನ ಮುಂದೆ ಸಾಲು ನಿಲ್ಲುತ್ತದೆ. ಬೆಳಿಗ್ಗೆ ವಿಶ್ವನಾಥನಿಗೆ ಹಾಲೆರೆದವರೇ ಮಧ್ಯಾಹ್ನ ಮಕ್ಕಳಿಗೆ ಕೆಂಪು ಟೊಪ್ಪಿಗೆ ಹಾಕಿ, ಮೇಣದಬತ್ತಿ ಹಿಡಿದು ಬರುತ್ತಾರೆ. ಬ್ಯಾಂಕಿನ ಸಹೋದ್ಯೋಗಿಗಳು ನನ್ನನ್ನೂ ಎಳೆದುಕೊಂಡು ಹೋದರು. ಅಂಗಳದಲ್ಲಿ ಪುಟ್ಟ ವೇದಿಕೆ. ಏಳೆಂಟು ಜನ ಢೋಲಕ್, ಹಾರ್ಮೋನಿಯಂ ಇಟ್ಟುಕೊಂಡು ಯೇಸು ಹುಟ್ಟಿದ ಹಾಡನ್ನು ಭೋಜಪುರಿಯಲ್ಲಿ ಹಾಡುತ್ತಿದ್ದರು, ನಮ್ಮಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಹಾಡುವ ಹಾಗೆ. ಮಗು ಹುಟ್ಟಿದ ಸಂತೋಷ ಬೆತ್ಲೆಹೇಮಿನದೋ ಪಕ್ಕದ ಗಲ್ಲಿಯದೋ ಗೊತ್ತಾಗುವಂತಿರಲಿಲ್ಲ. ಎರಡು ಚರಣಗಳ ನಡುವೆ ಹಾರ್ಮೋನಿಯಂನವರ ಬೆರಳು ಒಂದು ಕ್ಷಣ ದಾರಿ ಬಿಟ್ಟು ಯಮನ್ ರಾಗದೊಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಹಿಂದಿರುಗಿತು. ನಾನು ನಿಂತಲ್ಲೇ ನಿಂತೆ.

ಹಾಡು ಮುಗಿದ ಮೇಲೆ ಅವರನ್ನು ಹಿಡಿದೆ. ಹೆಸರು ಜೋಸೆಫ್, ಅರವತ್ತರ ಆಸುಪಾಸು, ಕುತ್ತಿಗೆಗೆ ಮಫ್ಲರ್. "ಇಂಥ ಸಂಗೀತ ಈ ಊರಿನಲ್ಲಿ ಎಲ್ಲಿ ಸಿಗುತ್ತದೆ, ಭಾಯಿಸಾಹೇಬ್? ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ" ಎಂದೆ.

"ಎಲ್ಲಿ ಹುಡುಕಿದಿರಿ?"

"ಪತ್ರಿಕೆಯಲ್ಲಿ."

ಅವರು ಹೊಟ್ಟೆ ಹಿಡಿದು ನಕ್ಕರು. "ಅರೇ ಬಹಿನ್‌ಜೀ, ಬನಾರಸಿನಲ್ಲಿ ಪತ್ರಿಕೆಯಲ್ಲಿ ಯಾರು ಹುಡುಕುತ್ತಾರೆ? ಪಾನ್ ಅಂಗಡಿಯಲ್ಲಿ ಕೇಳಬೇಕು!"

ಮರುದಿನ ಸಂಜೆ ನಮ್ಮ ಗಲ್ಲಿಯ ತುದಿಯ ಚೌರಾಸಿಯಾ ಪಾನ್ ಅಂಗಡಿಯ ಮುಂದೆ ನಿಂತೆ. ಎರಡು ವರ್ಷ ದಿನಕ್ಕೆರಡು ಸಲ ಅದರ ಮುಂದೆ ಓಡಾಡಿದ್ದರೂ, ಮೈಸೂರಿನ ಹೆಂಗಸು ಬೀದಿಯ ಪಾನ್ ಅಂಗಡಿಯ ಮುಂದೆ ನಿಲ್ಲುವುದುಂಟೇ ಎಂದು ಮುಖ ತಿರುಗಿಸಿಯೇ ಹೋಗಿದ್ದೆ. ಗಾನಾ ಎಲ್ಲಾದರೂ ಇದೆಯೇ ಎಂದು ಕೇಳಿದೆ. ಅಲ್ಲಿದ್ದ ಮೂವರಿಗೂ ಬಾಯಿ ತುಂಬ ಪಾನ್. ಒಬ್ಬರು ಬೆರಳಿನಿಂದ ದಕ್ಷಿಣ ತೋರಿಸಿದರು, ಇನ್ನೊಬ್ಬರು ಅಲ್ಲವೆಂದು ತಲೆಯಾಡಿಸಿ ಉತ್ತರ ದಿಕ್ಕು ತೋರಿಸಿದರು, ಮೂರನೆಯವರು ಮುಖ ಮೇಲೆತ್ತಿ ಏನೋ ಗುಳುಗುಳು ಮಾಡಿದರು. ಕೊನೆಗೆ ಚೌರಾಸಿಯಾನೇ ಬಿಡಿಸಿ ಹೇಳಿದ: "ಕಲ್ ಪಾಠಕ್‌ಜೀ ಕೇ ಇಹಾಂ ಗಾನಾ ಹೌ. ತೀನ್ ಬಜೇ." ನಾಳೆ ಮೂರು ಗಂಟೆಗೆ ಪಾಠಕ್‌ಜೀ ಎಂಬುವರ ಮನೆಯಲ್ಲಿ ಹಾಡು. ಮನೆ ಎಲ್ಲಿ ಎಂದರೆ, ನನ್ನ ಮನೆಯಿಂದ ಐದನೆಯ ಬಾಗಿಲು. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಶನಿವಾರ, ಬ್ಯಾಂಕಿಗೆ ರಜೆ. ಮೂರಕ್ಕೆ ಎಂದರೆ ಎರಡೂಮುಕ್ಕಾಲಿಗೆ ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರ್ ತೊಟ್ಟು ಹಾಜರಾದೆ. ಒಳಗಿನ ತೊಟ್ಟಿಯಲ್ಲಿ ಇನ್ನೂ ನೆಲ ತೊಳೆಯುತ್ತಿದ್ದರು. ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಒಬ್ಬ ಹೆಂಗಸು ರಾಶಿ ಹಸಿ ಬಟಾಣಿ ಬಿಡಿಸುತ್ತಿದ್ದರು. ಬಂದದ್ದು ಬಂದೆ, ಎದುರು ಕೂತು ನಾನೂ ಬಿಡಿಸತೊಡಗಿದೆ. ಚೂಡಾ ಮಟರ್ ಮಾಡಲು ಎಂದರು. ನಮ್ಮ ಅವಲಕ್ಕಿಗೆ ಹಸಿ ಬಟಾಣಿ ಹಾಕಿ ತುಪ್ಪದಲ್ಲಿ ಮಾಡುವ ಇಲ್ಲಿಯ ಚಳಿಗಾಲದ ತಿಂಡಿ. ನಾವು ಅವಲಕ್ಕಿಗೆ ಕರಿಬೇವು, ಕಾಯಿತುರಿ ಹಾಕುತ್ತೇವೆ ಎಂದೆ. ಕಾಯಿಯನ್ನು ದೇವರಿಗೆ ಒಡೆಯುವುದು ಬಿಟ್ಟು ಅವಲಕ್ಕಿಗೂ ಹಾಕುತ್ತೀರಾ ಎಂದು ಅವರಿಗೆ ಆಶ್ಚರ್ಯ. ಒಂದೂವರೆ ಗಂಟೆ ಹೀಗೆ ಕಳೆಯಿತು. ಜನ ಒಬ್ಬೊಬ್ಬರಾಗಿ ಬಂದರು, ಜೋಸೆಫ್ ಬಂದು ನನ್ನನ್ನು ಕಂಡು ಕೈ ಮುಗಿದರು. ಆಗ ಬಟಾಣಿ ಬಿಡಿಸುತ್ತಿದ್ದ ಹೆಂಗಸು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಹೋಗಿ ತಂಬೂರದ ಮುಂದೆ ಕೂತರು. ಅವರೇ ಪಾಠಕ್‌ಜೀಯವರ ಮಗಳು, ಅಂದಿನ ಗಾಯಕಿ!

ಅವರು ಮುಲ್ತಾನಿ ಎತ್ತಿಕೊಂಡರು. ಆ ರಾಗದ ಹೊತ್ತು ಸಂಜೆಗೆ ಮುಂಚಿನದು. ತೊಟ್ಟಿಯ ಮೇಲಿನ ಆಕಾಶದಲ್ಲಿ ಬಿಸಿಲೂ ಅಷ್ಟೇ ಉಳಿದಿತ್ತು. ತಾಳ ಎಷ್ಟು ನಿಧಾನವೆಂದರೆ, ಬೆರಳೆಣಿಸುತ್ತಿದ್ದ ನಾನು ನಾಲ್ಕನೆಯದಕ್ಕೇ ಕಳೆದುಹೋದೆ. ಪಕ್ಕದಲ್ಲಿ ಎಂಬತ್ತು ದಾಟಿದ ಪಾಠಕ್‌ಜೀ ಕೂತಿದ್ದರು. ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ಗಿನೋ ಮತ್ ಬಿಟಿಯಾ, ಸುನೋ" ಎಂದರು. ಎಣಿಸಬೇಡ ಮಗಳೇ, ಕೇಳು. ಐವತ್ತೊಂದು ವರ್ಷದವಳನ್ನು ಬಿಟಿಯಾ ಎಂದರಲ್ಲ, ಅದಕ್ಕೇ ಕಣ್ಣು ತುಂಬಿತು. ಕೈ ಮಡಿಚಿ ಕೂತೆ. ಎರಡು ಗಂಟೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಇದು ಕಚೇರಿ. ಮದರಾಸಿನ ಯಾವ ಸಭಾದ ಕಚೇರಿಯ ಎದುರು ಇಟ್ಟರೂ ಇದು ಕಚೇರಿಯೇ.

ಕೊನೆಗೆ ಅವರು ಭೈರವಿಯಲ್ಲಿ ಒಂದು ಪುಟ್ಟ ಠುಮ್ರಿ ಹಾಡಿ ಕೈ ಮುಗಿದರು. ಎಲ್ಲರೂ ವಾಹ್ ವಾಹ್ ಎನ್ನುತ್ತ ಎದ್ದರು. ಚಪ್ಪಲಿ ಹುಡುಕಿದರು, ಚೂಡಾ ಮಟರ್‌ನ ದೊನ್ನೆ ಹಿಡಿದರು. ನಾನು ಏಳಲಿಲ್ಲ. ನಮ್ಮಲ್ಲಿ ಮಂಗಳ ಹಾಡದೆ ಕಚೇರಿ ಮುಗಿಯುವುದಿಲ್ಲ. ಮಂಗಳಕ್ಕೆ ಮುಂಚೆ ಏಳುವವರನ್ನು ಕಂಡರೆ ಪದ್ಮಳೂ ನಾನೂ ಕೆಕ್ಕರಿಸಿ ನೋಡುವವರು. ಇವರೂ ಹಾಡುತ್ತಾರೆ, ಜನಕ್ಕೆ ಅವಸರ ಅಷ್ಟೇ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದೆ. ತಬಲಾಕ್ಕೆ ಗವುಸು ಹಾಕಿದರು. ತಂಬೂರವನ್ನು ಒಳಗೆ ಒಯ್ದರು. ಖಾಲಿ ಜಮಖಾನೆಯ ನಡುವೆ ನಾನೊಬ್ಬಳೇ.

ಗಾಯಕಿ ಗಾಬರಿಯಿಂದ ಬಂದರು. "ದೀದೀ, ತಬಿಯತ್ ಠೀಕ್ ಹೈ ನಾ?"

ಆರೋಗ್ಯಕ್ಕೇನೂ ಆಗಿಲ್ಲ ಎಂದೆ. ಅವರ ಭೈರವಿಯೇ ಮುಕ್ತಾಯ ಎಂಬುದು ಆಗ ಹೊಳೆದು ನಾಚಿಕೆಯಿಂದ ಮುಖ ಬಿಸಿಯಾಯಿತು. ತಡವರಿಸುತ್ತ ನಮ್ಮ ಮಂಗಳದ ವಿಷಯ ಹೇಳಿದೆ: ಹಾಡಿದವರಿಗೆ, ಕೇಳಿದವರಿಗೆ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಕೊನೆಗೆ ಹಾಡುವುದು. ಅದಿಲ್ಲದೆ ಏಳಲು ಕಾಲು ಬರುವುದಿಲ್ಲ.

ಪಾಠಕ್‌ಜೀ ಕೋಲೂರಿಕೊಂಡು ಬಾಗಿಲ ತನಕ ಹೋಗಿದ್ದವರು ತಿರುಗಿದರು. "ಅರೇ ಬೈಠೋ ಸಬ್ ಲೋಗ್!" ಎಂದು ಗದರಿದರು. "ನಮ್ಮ ಮನೆಯಲ್ಲಿ ಅರ್ಧ ಕಚೇರಿ ಕೇಳಿ ಯಾರೂ ಹೋಗಬಾರದು. ಬಿಟಿಯಾ, ನೀನೇ ಹಾಡು. ನಮಗೆ ಬರುವುದಿಲ್ಲವಲ್ಲ."

ಹುಡುಗಿಯಾಗಿದ್ದಾಗ ಒಂಬತ್ತು ವರ್ಷ ಪಾಠ ಹೇಳಿಸಿಕೊಂಡಿದ್ದೆ. ಆಮೇಲೆ ಜನರ ಮುಂದೆ ಹಾಡಿದ್ದೇ ಇಲ್ಲ. ಇಪ್ಪತ್ತು ಜನ ದೊನ್ನೆ ಹಿಡಿದುಕೊಂಡೇ ಮತ್ತೆ ಕೂತರು. ಜೋಸೆಫ್ ಹಾರ್ಮೋನಿಯಂ ಪೆಟ್ಟಿಗೆ ತೆರೆದು, ಶ್ರುತಿ ಯಾವುದು ಎಂದು ಹುಬ್ಬಿನಲ್ಲೇ ಕೇಳಿದರು. ಕಣ್ಣು ಮುಚ್ಚಿ ಸೌರಾಷ್ಟ್ರ ರಾಗದಲ್ಲಿ ಎತ್ತಿಕೊಂಡೆ. ಮೊದಲ ಸಾಲಿನಲ್ಲಿ ಶ್ರುತಿ ತಪ್ಪಿತು. ಎರಡನೆಯದಕ್ಕೆ ಜೋಸೆಫರ ಬೆರಳು ನನ್ನ ಹಿಂದೆಯೇ ಬಂತು. ಮೂರನೆಯದಕ್ಕೆ ಗಾಯಕಿ ಮಾತು ತಿಳಿಯದಿದ್ದರೂ ದನಿ ಸೇರಿಸಿದರು. ಮುಗಿಸಿದಾಗ ಯಾರೂ ವಾಹ್ ಎನ್ನಲಿಲ್ಲ. ಪಾಠಕ್‌ಜೀ ಎರಡೂ ಕೈ ಎತ್ತಿ "ಹರ ಹರ ಮಹಾದೇವ್" ಎಂದರು, ಎಲ್ಲರೂ ಹಾಗೆಯೇ ಎಂದರು.

ಹೊರಡುವಾಗ ಪಾಠಕ್‌ಜೀ ಕೇಳಿದರು: "ವಸಂತ ಪಂಚಮಿಗೆ ಮತ್ತೆ ಗಾನಾ ಇದೆ. ಬರುತ್ತೀಯಲ್ಲ? ಇನ್ನು ಮೇಲೆ ಮುಗಿಸಿಕೊಡುವುದು ನಿನ್ನ ಕೆಲಸ."

ಐದು ಬಾಗಿಲು ದಾಟಿ ಮನೆಗೆ ಬಂದು ಪದ್ಮಳಿಗೆ ಫೋನು ಮಾಡಿದೆ. ಅವಳೂ ಆಗಷ್ಟೇ ಸಭಾದಿಂದ ಹೊರಗೆ ಬಂದಿದ್ದಳು. ಎಲ್ಲ ಕೇಳಿ, "ಹಾಗಾದ್ರೆ ಅರ್ಜಿ ಹಾಕಲ್ಲ ಅನ್ನು" ಎಂದಳು. "ಒಂದು ವರ್ಷ ತಡಿಯೇ" ಎಂದೆ. ನಮ್ಮವರಿಗೂ ಹೇಳಿದೆ. ಅವರು ಈ ಸಲ 'ನಿನ್ನಿಷ್ಟ' ಎನ್ನಲಿಲ್ಲ. ವಸಂತ ಪಂಚಮಿಗೆ ಬರಲು ರೈಲಿನಲ್ಲಿ ಸೀಟು ಸಿಗುತ್ತದೆಯೇ ನೋಡುತ್ತೇನೆ ಎಂದರು.

ಫೋನು ಇಟ್ಟ ಮೇಲೆ ತಾರಸಿಗೆ ಹೋಗಿ ಜಾಲರಿ ಹಿಡಿದು ನಿಂತೆ. ಮದರಾಸಿನ ಸಭಾದಲ್ಲಿ ಸಾವಿರ ಜನರ ನಡುವೆ ಮಂಗಳಕ್ಕೆ ಬಾಯಿ ಆಡಿಸುತ್ತಿದ್ದೆ. ನಾನು ಸುಮ್ಮನಿದ್ದರೂ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ನಾನು ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಇಪ್ಪತ್ತು ಜನ ಇದ್ದಾರೆ. ಸಂತೋಷದಿಂದ ಕುಣಿಯಬೇಕಾದ ಹೊತ್ತು ಅದು. ಕಾಶಿಗೆ ಬಂದು ಎರಡು ವರ್ಷದಲ್ಲಿ ಮೈಸೂರಿಗಾಗಿ ಒಮ್ಮೆಯೂ ಅಷ್ಟು ಅತ್ತಿರಲಿಲ್ಲ, ಇಲ್ಲೇ ಇರುತ್ತೇನೆ ಎಂದು ಹೇಳಿದ ಆ ಸಂಜೆ ಅದಕ್ಕಾಗಿ ಅತ್ತೆ.